ಅಗ್ಗದ ರಿವಾಲ್ವರಿನ ಒಳಹೊರಗು

ಅಮೆರಿಕದ ಒಕ್ಲಹೋಮಾ ರಾಜ್ಯದ ಟಲ್ಸಾ ನಗರ. ಅಲ್ಲಿನ ಎಕ್ಸ್‌ಪೋ ಸ್ಕ್ವೇರ್ ಎಂಬ ವಸ್ತುಪ್ರದರ್ಶನದ ಆವರಣದಲ್ಲಿ ಸುಮಾರು 75 ಅಡಿ ಎತ್ತರದ ಹೊಂಬಣ್ಣದ ಎಣ್ಣೆಬಾವಿ ಕಾರ್ಮಿಕನೊಬ್ಬ ಡೆರಿಕ್ಕಿನ ಮೇಲೆ ಕೈಯೂರಿ ಪ್ರತಿಮೆಯಾಗಿ ನಿಂತಿದ್ದಾನೆ. ವರ್ಷಕ್ಕೆರಡು ಸಲ, ಏಪ್ರಿಲ್‌ನಲ್ಲೊಮ್ಮೆ ನವೆಂಬರ್‌ನಲ್ಲೊಮ್ಮೆ, ಅವನೆದುರು ಜನ ಸಾಲುಗಟ್ಟುತ್ತಾರೆ. ಅರ್ಧದಷ್ಟು ಮಂದಿಯ ಹೆಗಲಲ್ಲಿ ಬಂದೂಕು, ಕೈಯಲ್ಲಿ ಚರ್ಮದ ಪೆಟ್ಟಿಗೆ. ಬಾಗಿಲಲ್ಲೇ ಒಂದೊಂದನ್ನೂ ಬಿಚ್ಚಿ, ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಪ್ಲಾಸ್ಟಿಕ್ ಪಟ್ಟಿ ಬಿಗಿದು ಒಳಗೆ ಬಿಡುತ್ತಾರೆ. ಒಳಗೆ ಒಂದೇ ಸೂರಿನಡಿ ಎಕರೆಗಟ್ಟಲೆ ಹರಡಿದ ಬಂದೂಕಿನ ಸಂತೆ. ಸಾವಿರಾರು ಮೇಜು. ಬಂದೂಕು ತೊಳೆಯುವ ದ್ರಾವಣದ ಘಾಟು, ಒಣಮಾಂಸ ಮಾರುವವನ ಮಸಾಲೆ, ಸುಟ್ಟ ಜೋಳದರಳು ಎಲ್ಲ ಸೇರಿ ಅಲ್ಲಿನ ಗಾಳಿಗೇ ಒಂದು ರುಚಿ ಬಂದುಬಿಟ್ಟಿದೆ.

ನಡುಸಾಲಿನ ಗಾಜಿನ ಪೆಟ್ಟಿಗೆಗಳಲ್ಲಿ ಕೋಲ್ಟ್ ಕಂಪನಿಯ ಹಳೆಯ ರಿವಾಲ್ವರುಗಳು ದೀಪದ ಬೆಳಕಿನಲ್ಲಿ ಮಲಗಿವೆ. ಅವುಗಳ ಮುಂದೆ ಜನ ಕೈ ಹಿಂದೆ ಕಟ್ಟಿಕೊಂಡು ಪಿಸುಮಾತಿನಲ್ಲಿ ಮಾತಾಡುತ್ತಾರೆ. ನಮ್ಮ ಗಮನ ಇರುವುದು ಗೋಡೆಗಂಟಿದ ಒಂದು ಮೇಜಿನ ಮೇಲೆ. ಹಸಿರು ಬಟ್ಟೆ ಹಾಸಿ, ಎಡದಿಂದ ಬಲಕ್ಕೆ ಕಾಲಾನುಕ್ರಮದಲ್ಲಿ ರಿವಾಲ್ವರುಗಳನ್ನು ಜೋಡಿಸಿದ್ದಾರೆ. ಒಂದೂ ಹೆಸರಾಂತದ್ದಲ್ಲ. ಎಲ್ಲವೂ ತಮ್ಮ ತಮ್ಮ ಕಾಲದಲ್ಲಿ ಬಡವನ ಜೇಬಿಗೆಂದು ಮಾಡಿದವು. ಮೇಜಿನ ಯಜಮಾನ ವಿಮಾನ ರಿಪೇರಿ ಶೆಡ್ಡಿನಲ್ಲಿ ಮೆಷಿನಿಸ್ಟ್ ಆಗಿದ್ದು ನಿವೃತ್ತನಾದ ಮುದುಕ. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಸಂದಿ ಅಳೆಯುವ ಫೀಲರ್ ಗೇಜು. ಯಾರಾದರೂ ಯಾವುದನ್ನಾದರೂ ಕೈಗೆತ್ತಿಕೊಂಡರೆ ಆತ ಬೆಲೆ ಹೇಳುವ ಮೊದಲು ಒಂದು ಪ್ರಶ್ನೆ ಹಾಕುತ್ತಾನೆ: “ಇದನ್ನು ಮಾಡಿದವನು ದುಡ್ಡು ಎಲ್ಲಿ ಉಳಿಸಿದ್ದಾನೆ, ಹೇಳಿ ನೋಡೋಣ?”

ಎಡತುದಿಯಲ್ಲಿರುವುದು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. 1870ರ ದಶಕದ್ದು. ಮೈತುಂಬ ನಿಕಲ್ ಲೇಪ. ಅಲ್ಲಲ್ಲಿ ಎದ್ದುಹೋಗಿದ್ದರೂ ಉಳಿದ ಕಡೆ ಕನ್ನಡಿಯಂತೆ ಹೊಳೆಯುತ್ತದೆ. ಟ್ರಿಗರಿಗೆ ಸುತ್ತುಬಳೆಯೇ ಇಲ್ಲ. ಹೊಟ್ಟೆಯಡಿಯಿಂದ ಒಂದು ಮೊಳೆಯಂತೆ ಹೊರಚಾಚಿದೆ. ಆ ಕಾಲದಲ್ಲಿ ಇಂಥವಕ್ಕೆ ಇಟ್ಟ ಹೆಸರುಗಳೇ ಒಂದು ನಾಟಕ ಕಂಪನಿ: ‘ರೆಡ್ ಜಾಕೆಟ್’, ‘ಬ್ಲೂ ಜಾಕೆಟ್’, ‘ಸ್ವಾಂಪ್ ಏಂಜಲ್’, ‘ಟ್ರಾಂಪ್ಸ್ ಟೆರರ್’. ತಯಾರಕರು ತಮ್ಮ ಹೆಸರನ್ನು ಕೆತ್ತದೆ ಈ ಅಬ್ಬರದ ಹೆಸರನ್ನಷ್ಟೇ ಕೆತ್ತಿ ಕಳಿಸಿದ್ದೂ ಉಂಟು. ಸಂಗ್ರಾಹಕರು ಇಂದು ಈ ಇಡೀ ಜಾತಿಯನ್ನು ‘ಸೂಸೈಡ್ ಸ್ಪೆಷಲ್’ ಎಂದೇ ಕರೆಯುತ್ತಾರೆ.

ಇವು ಹುಟ್ಟಿದ್ದಕ್ಕೆ ಕಾರಣ ಒಂದು ಪೇಟೆಂಟಿನ ಸಾವು. ಸಿಲಿಂಡರನ್ನು ಹಿಂದಿನಿಂದ ಮುಂದಕ್ಕೆ ಆರಪಾರು ಕೊರೆದು ಲೋಹದ ತೋಟಾ ತುಂಬುವ ಉಪಾಯದ ಹಕ್ಕು ರೋಲಿನ್ ವೈಟ್ ಎಂಬಾತನದಾಗಿತ್ತು. ಅದನ್ನು ಬಳಸುವ ಪರವಾನಗಿ ಸ್ಮಿತ್ ಅಂಡ್ ವೆಸನ್ ಕಂಪನಿಯ ಕೈಯಲ್ಲಿತ್ತು. 1869ರಲ್ಲಿ ಆ ಹಕ್ಕಿನ ಅವಧಿ ಮುಗಿದದ್ದೇ ತಡ, ಮ್ಯಾಸಚೂಸೆಟ್ಸಿನ ವೂಸ್ಟರ್, ಕನೆಕ್ಟಿಕಟ್ಟಿನ ನಾರ್ವಿಚ್ ಊರುಗಳಲ್ಲಿ ಲೇತ್ ಇದ್ದವರೆಲ್ಲ ರಿವಾಲ್ವರ್ ಮಾಡತೊಡಗಿದರು. ಪೈಪೋಟಿ ಬೆಲೆಯದ್ದು, ಗುಣದ್ದಲ್ಲ.

ಮುದುಕ ಆ ಚಿಕ್ಕ ರಿವಾಲ್ವರಿನ ನಡುವಿನ ಸರಳನ್ನು ಎಳೆದು ಸಿಲಿಂಡರನ್ನು ಕೈಗಿಡುತ್ತಾನೆ. ಖಾಲಿ ತೋಟಾ ಹೊರಹಾಕಲು ಬೇರೆ ವ್ಯವಸ್ಥೆ ಇಲ್ಲ. ಅದೇ ಸರಳಿನಿಂದ ಒಂದೊಂದಾಗಿ ಕುಟ್ಟಿ ಬೀಳಿಸಬೇಕು. ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗಿನ ಸುರುಳಿಗೀರು ಉಗುರಿನಿಂದ ಗೀಚಿದಷ್ಟೇ ಆಳ. ಚೌಕಟ್ಟು ಮೆದುವಾದ ಎರಕದ ಕಬ್ಬಿಣ. ಹ್ಯಾಮರ್ ಎತ್ತಿದರೆ ಸಿಲಿಂಡರ್ ತಿರುಗುತ್ತದೆ. ಆದರೆ ತಿರುಗಿ ನಿಂತ ಮೇಲೂ ಹೆಬ್ಬೆರಳಿಗೆ ಗಡಗಡ ಅಲ್ಲಾಡುತ್ತದೆ. ಹೀಗೆ ಅಲ್ಲಾಡುವುದು ಸಣ್ಣ ಸಂಗತಿಯಲ್ಲ. ಸಿಲಿಂಡರಿನ ತೂತೂ ನಳಿಗೆಯ ತೂತೂ ಒಂದೇ ಗೆರೆಯಲ್ಲಿ ಕೂರದಿದ್ದರೆ ಗುಂಡಿನ ಸೀಸ ನಳಿಗೆಯ ಅಂಚಿಗೆ ತಾಗಿ ಹೆರೆದುಕೊಂಡು, ಆ ಚೂರು ಪಕ್ಕದ ಸಂದಿಯಿಂದ ಸಿಡಿಯುತ್ತದೆ. ಎದುರಿನವನಿಗೆ ಎಷ್ಟೋ, ಪಕ್ಕದಲ್ಲಿ ನಿಂತವನಿಗೂ ಅಷ್ಟೇ ಅಪಾಯ.

ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತಿಗೆ ಇದಕ್ಕಿಂತ ತಕ್ಕ ಸಾಮಾನು ಸಿಕ್ಕದು. ಕಣ್ಣಿಗೆ ಕಾಣುವ ನಿಕಲ್‌ಗೆ ಖರ್ಚು ಮಾಡಿ, ಕಾಣದ ಕಬ್ಬಿಣದಲ್ಲೂ ಸ್ಪ್ರಿಂಗಿನಲ್ಲೂ ತಯಾರಕ ದುಡ್ಡು ಉಳಿಸಿದ್ದಾನೆ.

ಪಕ್ಕದಲ್ಲಿರುವುದರ ಹಿಡಿಯ ಮೇಲೆ ಒಂದು ಗೂಬೆಯ ತಲೆ. ಕರಿ ರಬ್ಬರಿನಲ್ಲಿ ಉಬ್ಬಾಗಿ ಮೂಡಿಸಿದ ದುಂಡುಗಣ್ಣು, ಕೊಕ್ಕು. ಐವರ್ ಜಾನ್ಸನ್ ಕಂಪನಿಯ ಗುರುತು ಅದು. ನಾರ್ವೆಯಿಂದ ವಲಸೆ ಬಂದ ಐವರ್ ಜಾನ್ಸನ್ 1871ರಲ್ಲಿ ಪಾಲುದಾರನೊಬ್ಬನ ಜೊತೆ ವೂಸ್ಟರ್‌ನಲ್ಲಿ ಶುರುಮಾಡಿದ ಕಾರ್ಖಾನೆ ಇಪ್ಪತ್ತು ವರ್ಷದ ಮೇಲೆ ಫಿಚ್‌ಬರ್ಗ್‌ಗೆ ಹೋಯಿತು. ಅಲ್ಲಿ ರಿವಾಲ್ವರಿನ ಜೊತೆ ಬೈಸಿಕಲ್ಲೂ ತಯಾರಾಗುತ್ತಿತ್ತು. ಒಂದೇ ನಮೂನೆಯನ್ನು ಲಕ್ಷಗಟ್ಟಲೆ ಮಾಡಿ, ಒಂದೊಂದರಲ್ಲಿ ಚೂರುಪಾರು ಲಾಭ ಹಿಡಿಯುವ ಕಸುಬು ಅವರದು. 1894ರಲ್ಲಿ ಬಂದ ‘ಸೇಫ್ಟಿ ಆಟೊಮ್ಯಾಟಿಕ್’ ರಿವಾಲ್ವರಿನ ಮೇಲಿನ ಕೊಂಡಿ ಎತ್ತಿ ನಳಿಗೆಯನ್ನು ಕೆಳಕ್ಕೆ ಮಡಚಿದರೆ ನಕ್ಷತ್ರದಾಕಾರದ ತಟ್ಟೆಯೊಂದು ಮೇಲೆದ್ದು ಐದೂ ಖಾಲಿ ತೋಟಾಗಳನ್ನು ಒಟ್ಟಿಗೇ ಆಚೆ ನೂಕುತ್ತದೆ. ಎಡತುದಿಯ ಕುಟ್ಟುಸರಳಿಗೂ ಇದಕ್ಕೂ ನಡುವೆ ಬರೀ ಇಪ್ಪತ್ತು ಚಿಲ್ಲರೆ ವರ್ಷ.

ಅದಕ್ಕಿಂತ ದೊಡ್ಡ ಸಂಗತಿ ಹ್ಯಾಮರಿನ ಹಿಂದೆ ಅಡಗಿದೆ. ಟ್ರಿಗರನ್ನು ಪೂರ್ತಿ ಎಳೆದಾಗ ಮಾತ್ರ ಒಂದು ಚಪ್ಪಟೆ ಉಕ್ಕಿನ ತುಂಡು ಮೇಲೇರಿ ಹ್ಯಾಮರಿನ ಪೆಟ್ಟನ್ನು ಮುಂದಿನ ಮೊಳೆಗೆ ದಾಟಿಸುತ್ತದೆ. ಬೆರಳು ಟ್ರಿಗರಿನ ಮೇಲಿಲ್ಲದಿದ್ದರೆ ಆ ತುಂಡು ಕೆಳಗೇ ಇರುತ್ತದೆ. ರಿವಾಲ್ವರ್ ಕೈಜಾರಿ ನೆಲಕ್ಕೆ ಬಿದ್ದರೂ ಗುಂಡು ಹಾರದು. ಕಂಪನಿ ಇದನ್ನು ಬಿಟ್ಟೂಬಿಡದೆ ಸಾರಿತು. ಹ್ಯಾಮರಿಗೆ ಸುತ್ತಿಗೆಯಿಂದಲೇ ಹೊಡೆದು ನೋಡಿ ಎನ್ನುವುದು ಅವರ ಜಾಹೀರಾತಿನ ಪಲ್ಲವಿ. 1904ರ ಒಂದು ಜಾಹೀರಾತಿನಲ್ಲಂತೂ ರಾತ್ರಿಯುಡುಪಿನ ಪುಟ್ಟ ಹುಡುಗಿ ಹಾಸಿಗೆಯ ಮೇಲೆ ಗೊಂಬೆಯನ್ನು ಪಕ್ಕಕ್ಕಿಟ್ಟು ರಿವಾಲ್ವರ್ ಹಿಡಿದಿದ್ದಾಳೆ. ಇಂದು ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಉಪಾಯ ಮಾತ್ರ ಅಪ್ಪಟ. ಇದಕ್ಕಿಂತ ಎಷ್ಟೋ ಮೇಲಿನ ದರ್ಜೆಯ ರೂಗರ್ ಕಂಪನಿ ತನ್ನ ಕೌಬಾಯ್ ನಮೂನೆಯ ರಿವಾಲ್ವರುಗಳಿಗೆ ಇಂಥದೇ ತುಂಡನ್ನು ಹಾಕಿದ್ದು 1973ರಲ್ಲಿ.

ಗೂಬೆ ರಿವಾಲ್ವರಿಗೂ ಒಂದು ಗಂಡಾಂತರ ಬಂತು. ಅದು ಹುಟ್ಟಿದ್ದು ಕರಿಮದ್ದಿನ ಕಾಲದಲ್ಲಿ. ಅಷ್ಟರಲ್ಲಿ ಹೊಗೆಯಿಲ್ಲದ ಮದ್ದು ಬಂದು, ನಳಿಗೆಯೊಳಗಿನ ಒತ್ತಡ ಏರಿತು. 1909ರ ಹೊತ್ತಿಗೆ ಕಂಪನಿ ಇಡೀ ನಮೂನೆಯನ್ನೇ ತಿದ್ದಿತು. ಮುರಿಯುತ್ತಿದ್ದ ಪಟ್ಟಿಸ್ಪ್ರಿಂಗ್ ಹೋಗಿ ಸುರುಳಿಸ್ಪ್ರಿಂಗ್ ಬಂತು, ಉಕ್ಕು ಗಟ್ಟಿಯಾಯಿತು. ಮುದುಕನ ಮೇಜಿನಲ್ಲಿ ಎರಡೂ ಅಕ್ಕಪಕ್ಕ ಇವೆ. ದೂರದಿಂದ ಅವಳಿ. ಹಳೆಯದರ ಹಿಡಿಗೆ ಕೆಂಪು ದಾರ ಕಟ್ಟಿದ್ದಾನೆ. “ಇದು ಗೋಡೆಗೆ ತೂಗುಹಾಕಲಿಕ್ಕೆ. ಈಗಿನ ತೋಟಾ ಹಾಕಿದಿರೋ, ಕೈ ಹೋಯಿತು” ಎನ್ನುತ್ತಾನೆ.

ಕಡಿಮೆ ಬೆಲೆಗೆ ನಂಬಿಕಸ್ತ ಸಾಮಾನು ಸಿಕ್ಕರೆ ಅದು ಯಾರ ಕೈಗೆ ಬೇಕಾದರೂ ಸಿಗುತ್ತದೆ. 1901ರ ಸೆಪ್ಟೆಂಬರಿನಲ್ಲಿ ಬಫಲೋ ನಗರದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಲಿಯಾನ್ ಚೋಲ್ಗಾಸ್ ಎಂಬಾತ ನಾಲ್ಕೂವರೆ ಡಾಲರ್ ಕೊಟ್ಟು ಇದೇ ಗೂಬೆ ಹಿಡಿಯ .32 ರಿವಾಲ್ವರ್ ಕೊಂಡ. 6ನೇ ತಾರೀಕು ಅಧ್ಯಕ್ಷ ವಿಲಿಯಂ ಮೆಕಿನ್ಲಿಯವರ ಕೈಕುಲುಕುವ ಸಾಲಿನಲ್ಲಿ ನಿಂತು, ಕರವಸ್ತ್ರದಲ್ಲಿ ಮುಚ್ಚಿಟ್ಟ ಅದರಿಂದ ಅವರ ಮೇಲೆ ಗುಂಡು ಹಾರಿಸಿದ. 1968ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನ ಹೋಟೆಲೊಂದರ ಅಡುಗೆಮನೆಯ ದಾರಿಯಲ್ಲಿ ಸೆನೆಟರ್ ರಾಬರ್ಟ್ ಕೆನಡಿಯವರನ್ನು ಕೊಂದದ್ದೂ ಅದೇ ಕಂಪನಿಯ ‘ಕೆಡೆಟ್’ ಎಂಬ .22 ರಿವಾಲ್ವರ್.

ಆ ವರ್ಷವೇ ಅಮೆರಿಕ ಬಂದೂಕು ನಿಯಂತ್ರಣ ಕಾಯ್ದೆ ತಂದಿತು. ಅಂಚೆಯಲ್ಲಿ ಬಂದೂಕು ತರಿಸುವುದು ನಿಂತಿತು. ಹೊರದೇಶದಿಂದ ಬರುವ ಕೈಬಂದೂಕಿಗೆ ಅಂಕಪಟ್ಟಿ ಬಂತು. ರಿವಾಲ್ವರ್ ಆದರೆ ನಳಿಗೆ ಕನಿಷ್ಠ 3 ಇಂಚು ಇರಬೇಕು, 45 ಅಂಕ ಗಳಿಸಬೇಕು. ಚೌಕಟ್ಟು ಉಕ್ಕಿನದಾದರೆ ಅಂಕ ಹೆಚ್ಚು. ಅಂಕ ಎಣಿಸುವ ಮೊದಲೇ ಒಂದು ಪರೀಕ್ಷೆ ದಾಟಬೇಕು: ರಿವಾಲ್ವರಿನಷ್ಟೇ ತೂಕದ ಒಂದು ಬಟ್ಟನ್ನು 36 ಇಂಚು ಎತ್ತರದಿಂದ ಅದರ ಹ್ಯಾಮರಿನ ಮೇಲೆ ಐದು ಸಲ ಬೀಳಿಸುತ್ತಾರೆ. ಗೂಬೆ ಕಂಪನಿ ಗಿರಾಕಿಗಳನ್ನು ಸೆಳೆಯಲು ಹೇಳುತ್ತಿದ್ದ ಸುತ್ತಿಗೆಯ ಪೆಟ್ಟು ಸರ್ಕಾರಿ ನಿಯಮವಾಯಿತು.

ಕಾಯ್ದೆಯ ಬೇಲಿಯಲ್ಲಿ ಒಂದು ಕಂಡಿಯಿತ್ತು. ಅಂಕಪಟ್ಟಿ ಆಮದಿಗೆ ಮಾತ್ರ. ದೇಶದೊಳಗೆ ಮಾಡಿದ್ದಕ್ಕೆ ಅನ್ವಯಿಸದು. ಮೇಜಿನ ನಡುವೆ ಬಿದ್ದಿರುವ, ಬೂದುಬಣ್ಣಕ್ಕೆ ತಿರುಗಿದ ರಿವಾಲ್ವರ್ ಆ ಕಂಡಿಯಲ್ಲಿ ನುಸುಳಿದ್ದು. ಜರ್ಮನಿಯ ಸೊಂಟ್‌ಹೈಮ್ ಊರಿನ ರೋಮ್ ಕಂಪನಿಯ ‘ಆರ್‌ಜಿ’ ಸರಣಿಯದು. ಈ ರೋಮ್ ಕಂಪನಿ ಯಾರೋ ಅಬ್ಬೇಪಾರಿಯಲ್ಲ. ಡ್ರಿಲ್ ಯಂತ್ರದಲ್ಲಿ ಕೊರೆಯುವ ಬಿಟ್ ಅನ್ನು ಹಿಡಿಯುವ ಚಕ್ಕು ಮಾಡುವುದರಲ್ಲಿ 1909ರಿಂದ ಪಳಗಿದ ಮನೆ. ಇಂದಿಗೂ ವರ್ಕ್‌ಶಾಪಿನವರು ಆ ಹೆಸರಿಗೆ ಮರ್ಯಾದೆ ಕೊಡುತ್ತಾರೆ. ಕರಾರುವಾಕ್ಕಾಗಿ ಕೆಲಸ ಮಾಡಲು ಬರುವವರೇ ರಿವಾಲ್ವರಿಗೆ ಸತುವಿನ ಮಿಶ್ರಲೋಹದ ಚೌಕಟ್ಟು ಎರಕ ಹೊಯ್ದು, ಅದರೊಳಗೆ ತೆಳು ಉಕ್ಕಿನ ಕೊಳವೆ ತೂರಿಸಿ, ಇದೇ ನಳಿಗೆ ಎಂದರು. ಆಮದು ನಿಂತ ಮೇಲೆ ಫ್ಲಾರಿಡಾದ ಮಯಾಮಿಯಲ್ಲಿ ಶಾಖೆ ತೆರೆದು, ಅಲ್ಲೇ ಜೋಡಿಸಿ ಮಾರಿದರು. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಅವರ ಮೇಲೆ ಗುಂಡು ಹಾರಿದ್ದು ಇದೇ ಸರಣಿಯ ಆರ್‌ಜಿ-14ರಿಂದ.

ಮುದುಕ ಅದನ್ನು ಕೈಗೆ ಕೊಟ್ಟು, “ಹ್ಯಾಮರ್ ಎತ್ತಿ ನೋಡಿ, ಮೆಲ್ಲಗೆ” ಎನ್ನುತ್ತಾನೆ. ಸಿಲಿಂಡರ್ ತಿರುಗಿ ತನ್ನ ಜಾಗಕ್ಕೆ ಬಂದಿತು ಅನ್ನುವಷ್ಟರಲ್ಲಿ ನಿಂತುಬಿಡುತ್ತದೆ, ಕೂದಲೆಳೆಯಷ್ಟು ಬಾಕಿ. ಸತುವಿನಲ್ಲಿ ಕೊರೆದ ತೂತು ಬಳಸಿದಂತೆಲ್ಲ ಅಗಲವಾಗಿ, ಒಳಗಿನ ಕೀಲುಗಳು ಸಡಿಲಗೊಂಡಿವೆ. ಸಡಿಲಾದ ಮೇಲೆ ರಿಪೇರಿಯೂ ಇಲ್ಲ. ಅದನ್ನು ಬಿಗಿ ಮಾಡುವ ಕೂಲಿ ಹೊಸದರ ಬೆಲೆಗಿಂತ ಹೆಚ್ಚು.

ಈ ಸತುವನ್ನು ಹಿಡಿಯಲು ರಾಜ್ಯಗಳು ಹೂಡಿದ ಉಪಾಯ ಲೋಹಶಾಸ್ತ್ರದ್ದು. ಇಲಿನಾಯ್, ಸೌತ್ ಕ್ಯಾರೊಲೈನಾ ಮೊದಲಾದ ಕಡೆ, 800 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಕರಗುವ ಎರಕದ ಚೌಕಟ್ಟಿನ ಕೈಬಂದೂಕುಗಳ ಮಾರಾಟಕ್ಕೆ ತಡೆ ಹಾಕಿದರು. ಉಕ್ಕು ಅದರ ಮೂರು ಪಟ್ಟು ಬಿಸಿಯನ್ನು ತಾಳಿಕೊಳ್ಳುತ್ತದೆ. ಸತುವಿನ ಮಿಶ್ರಲೋಹ 730ರ ಆಸುಪಾಸಿನಲ್ಲೇ ನೀರಾಗುತ್ತದೆ. ಮೇರಿಲ್ಯಾಂಡಿನಲ್ಲಿ ದಿನಸಿ ಅಂಗಡಿಯ ನೌಕರನೊಬ್ಬ ದರೋಡೆಯಲ್ಲಿ ಆರ್‌ಜಿ ರಿವಾಲ್ವರಿನಿಂದ ಗಾಯಗೊಂಡು ದಾವೆ ಹೂಡಿದ. ಇಂಥ ಕಳಪೆ ಅಗ್ಗದ ಕೈಬಂದೂಕಿನಿಂದಾದ ಅಪರಾಧಕ್ಕೆ ತಯಾರಕನನ್ನೂ ಹೊಣೆ ಮಾಡಬಹುದೆಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ 1985ರಲ್ಲಿ ಹೇಳಿತು. ಮೂರು ವರ್ಷದಲ್ಲಿ ಶಾಸಕಾಂಗ ಆ ತೀರ್ಪನ್ನು ಕಾನೂನಿನಿಂದ ಬದಿಗೆ ಸರಿಸಿತು. ಬದಲಿಗೆ ಮಾರಾಟಕ್ಕೆ ಯೋಗ್ಯವಾದ ಕೈಬಂದೂಕುಗಳ ಪಟ್ಟಿ ಮಾಡುವ ಮಂಡಳಿಯನ್ನು ನೇಮಿಸಿತು. ಅಷ್ಟು ಹೊತ್ತಿಗೆ ಮಯಾಮಿಯ ಆರ್‌ಜಿ ಬಾಗಿಲು ಮುಚ್ಚಿಯಾಗಿತ್ತು.

ಅಗ್ಗ ಅಂದರೆ ಸತುವೇ ಆಗಬೇಕೆಂದಿಲ್ಲ ಎಂದು ತೋರಿಸಿದ್ದು ಕನೆಕ್ಟಿಕಟ್ಟಿನ ಚಾರ್ಟರ್ ಆರ್ಮ್ಸ್. ಕೋಲ್ಟ್, ರೂಗರ್‌ಗಳಲ್ಲಿ ಕೆಲಸ ಕಲಿತ ಡಗ್ಲಸ್ ಮೆಕ್ಲೆನಹನ್ 1964ರಲ್ಲಿ ಕಟ್ಟಿದ ಕಂಪನಿ. ಇವರ ‘ಅಂಡರ್‌ಕವರ್’ ಐದು ಗುಂಡಿನ .38 ರಿವಾಲ್ವರ್, ತೂಕ ಸುಮಾರು 450 ಗ್ರಾಂ. ಒಳಗಿನ ಯಂತ್ರ ಕೂರಿಸಲು ಬೇರೆಯವರು ಚೌಕಟ್ಟಿನ ಪಕ್ಕದಲ್ಲಿ ಮುಚ್ಚಳ ಇಡುತ್ತಿದ್ದರು. ಅದನ್ನು ಕರಾರುವಾಕ್ಕಾಗಿ ಕೂರಿಸುವುದೇ ದುಬಾರಿ ಕೆಲಸ. ಮೆಕ್ಲೆನಹನ್ ಮುಚ್ಚಳವನ್ನೇ ತೆಗೆದುಹಾಕಿದ. ಚೌಕಟ್ಟು ಇಡಿಯಾಗಿ ಉಕ್ಕಿನದು, ಬಿಡಿಭಾಗ ಕಡಿಮೆ. ಉಳಿತಾಯ ಲೋಹದಿಂದ ನಕ್ಷೆಗೆ ಹೋಯಿತು. ಹಾಗೆಂದು ಗುಣ ಒಂದೇ ಸಮನೆ ಏರಿತು ಎನ್ನುವ ಹಾಗಿಲ್ಲ. ತೊಂಬತ್ತರ ದಶಕದಲ್ಲಿ ಕಂಪನಿ ಕೈಬದಲಾಗಿ, ಹಣಕಾಸು ಹದಗೆಟ್ಟು, ಸಾಮಾನೂ ಹದಗೆಟ್ಟಿತು. ಮತ್ತೆ ತಲೆಯೆತ್ತಲು ಹೊಸ ಶತಮಾನವೇ ಬರಬೇಕಾಯಿತು. “ಚಾರ್ಟರ್ ಕೊಳ್ಳುವಾಗ ಹೆಸರು ಕೇಳಬೇಡಿ, ಇಸವಿ ಕೇಳಿ” ಎನ್ನುವುದು ಮುದುಕನ ಬುದ್ಧಿವಾದ.

ಬಲಕ್ಕೆ ಸರಿದಂತೆ ಮೈಬಣ್ಣ ಮಂಕಾಗುತ್ತದೆ, ಕೀಲು ಬಿಗಿಯಾಗುತ್ತದೆ. ಬ್ರೆಜಿಲಿನ ಟಾರಸ್ ಮತ್ತು ರೋಸಿ, ಫಿಲಿಪೈನ್ಸಿನ ಮಾರಿಕಿನಾದಲ್ಲಿ ಮಾಡಿದ ರಾಕ್ ಐಲ್ಯಾಂಡ್ ಎಂ200. ಟಾರಸ್ ಪೋರ್ಟೊ ಅಲೆಗ್ರೆ ನಗರದಲ್ಲಿ 1939ರಲ್ಲಿ ಹುಟ್ಟಿದ್ದು. 1970ರಿಂದ 1977ರವರೆಗೆ ಅದರ ಹೆಚ್ಚಿನ ಷೇರು ಇದ್ದದ್ದು ಸ್ಮಿತ್ ಅಂಡ್ ವೆಸನ್ನಿನ ಒಡೆಯರಾದ ಬ್ಯಾಂಗರ್ ಪಂಟಾ ಕಂಪನಿಯ ಕೈಯಲ್ಲಿ. ಹಾಗಾಗಿ ಎರಡು ಕಾರ್ಖಾನೆಗಳ ನಡುವೆ ವಿದ್ಯೆಯ ಕೊಡುಕೊಳ್ಳುವಿಕೆ ನಡೆಯಿತು. ಆಮದಾಗಿ ಬಂದದ್ದರಿಂದ ಇವೆಲ್ಲ ಹಳೆಯ ಅಂಕಪಟ್ಟಿಯಲ್ಲಿ ಪಾಸಾಗಲೇಬೇಕು. ಸತುವಿನ ಕಳಪೆ ಮಾಲನ್ನು ತಡೆಯಲೆಂದು ಮಾಡಿದ ನಿಯಮ ಬ್ರೆಜಿಲಿನ ಉಕ್ಕಿಗೆ ರಹದಾರಿಯಾಯಿತು. ಇಲ್ಲಿ ಉಳಿತಾಯ ಕೂಲಿಯಲ್ಲಿ.

ಆಮೇಲಿನ ಬದಲಾವಣೆ ಯಂತ್ರದ್ದು. ಬಿಸಿ ಉಕ್ಕನ್ನು ಬಡಿದು, ಕೊರೆದು ಚೌಕಟ್ಟು ಮಾಡುವ ಬದಲು ಮೇಣದ ಅಚ್ಚಿನ ಸುತ್ತ ಗಾರೆ ಮೆತ್ತಿ, ಮೇಣ ಕರಗಿಸಿ, ಆ ಪೊಳ್ಳಿಗೆ ಉಕ್ಕು ಹೊಯ್ಯುವುದನ್ನು ರೂಗರ್ ಕಂಪನಿ ಅಮೆರಿಕದ ಬಂದೂಕು ಉದ್ಯಮದಲ್ಲಿ ಬೇರೂರಿಸಿತು. ದಕ್ಷಿಣ ಭಾರತದ ಸ್ಥಪತಿಗಳು ಪಂಚಲೋಹದ ಮೂರ್ತಿ ಎರೆಯುವ ಕ್ರಮವೂ ಇದೇ ಮೂಲದ್ದು. ಹ್ಯಾಮರ್, ಟ್ರಿಗರ್‌ನಂಥ ಚಿಕ್ಕ ಭಾಗಗಳಿಗೆ ಇನ್ನೊಂದು ದಾರಿ ಬಂತು. ನುಣ್ಣಗಿನ ಉಕ್ಕಿನ ಪುಡಿಯನ್ನು ಪ್ಲಾಸ್ಟಿಕ್ಕು, ಮೇಣದ ಜೊತೆ ಚಕ್ಕುಲಿ ಹಿಟ್ಟಿನ ಹದಕ್ಕೆ ಕಲಸಿ, ಅಚ್ಚಿಗೆ ಒತ್ತಿ, ಕುಲುಮೆಯಲ್ಲಿಡುತ್ತಾರೆ. ಅಂಟು ಆವಿಯಾಗಿ, ಪುಡಿ ಒಂದಾಗಿ ಬೆಸೆದು, ಭಾಗ ಐದರಲ್ಲೊಂದು ಪಾಲಿನಷ್ಟು ಕುಗ್ಗಿ ನಿಗದಿತ ಅಳತೆಗೆ ಬರುತ್ತದೆ. ಹಳಬರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ: ಮುರಿದ ಕಡೆ ನೋಡಿದರೆ ಹರಳುಹರಳಾಗಿ ಕಾಣುತ್ತದೆ, ಅಚ್ಚಿನ ಗುರುತು ಹಾಗೇ ಉಳಿದಿರುತ್ತದೆ. ಆದರೆ ಸಾವಿರ ಭಾಗ ಮಾಡಿದರೂ ಒಂದರಂತೆ ಇನ್ನೊಂದು.

ಹಿಂದೆ ಸಿಲಿಂಡರ್ ತಿರುಗಿಸುವ ಪುಟ್ಟ ಕೊಕ್ಕೆಯನ್ನು ಅರ ಹಿಡಿದು ಉಜ್ಜಿ, ಹಾಕಿ ನೋಡಿ, ತೆಗೆದು ಮತ್ತೆ ಉಜ್ಜುವ ಕುಶಲಿಗರಿದ್ದರು. ದುಬಾರಿ ರಿವಾಲ್ವರಿನ ಬೆಲೆಯೆಂದರೆ ಅವರ ಕೈಬೆಲೆ. ಅಗ್ಗದ ಕಾರ್ಖಾನೆಗೆ ಅವರನ್ನು ಸಾಕುವ ತಾಕತ್ತಿರಲಿಲ್ಲ. ಉಜ್ಜದೆಯೇ ಜೋಡಿಸಿ ಕಳಿಸುತ್ತಿದ್ದರು. ಕಂಪ್ಯೂಟರ್ ನಡೆಸುವ ಯಂತ್ರ ಬಂದ ಮೇಲೆ ಭಾಗಗಳು ಉಜ್ಜದೆಯೇ ಕೂರತೊಡಗಿದವು. ಕೈಕೆಲಸಕ್ಕೆ ಹೆಸರಾದ ಕೋಲ್ಟ್ ಪೈಥಾನ್ 1955ರಲ್ಲಿ ಹುಟ್ಟಿ, 2005ರಲ್ಲಿ ನಿಂತು, 2020ರಲ್ಲಿ ಮರಳಿದಾಗ ಅದಕ್ಕೂ ಯಂತ್ರವೇ ಗತಿಯಾಗಿತ್ತು. ಅಗ್ಗದ್ದಕ್ಕೂ ದುಬಾರಿಯದಕ್ಕೂ ಇದ್ದ ಅಂತರ ಕಿರಿದಾದದ್ದು ಇಲ್ಲಿ.

ಸತು ಮಾತ್ರ ಹೋಗಲಿಲ್ಲ. ಮೇಜಿನ ಬಲತುದಿಯ ಹೆರಿಟೇಜ್ ‘ರಫ್ ರೈಡರ್’ ಮಕ್ಕಳೂ ಹಿರಿಯರೂ ಡಬ್ಬಿಗೆ ಗುರಿ ಹೊಡೆಯುವ .22 ರಿವಾಲ್ವರ್. ಇದರ ಚೌಕಟ್ಟೂ ಸತುವಿನ ಮಿಶ್ರಲೋಹವೇ. ಆದರೆ ಪೆಟ್ಟು ತಿನ್ನುವ ಸಿಲಿಂಡರ್, ನಳಿಗೆ ಉಕ್ಕಿನವು, ಚೌಕಟ್ಟಿಗೆ ಸಾಕಷ್ಟು ದಪ್ಪ ಕೊಟ್ಟಿದ್ದಾರೆ, ತೋಟಾ ಸೌಮ್ಯ. ಜನ ಡಬ್ಬಗಟ್ಟಲೆ ಗುಂಡು ಸುಟ್ಟರೂ ನಡೆಯುತ್ತಿದೆ. 2019ರಲ್ಲಿ ರೂಗರ್ ಕೂಡ ಅಲ್ಯೂಮಿನಿಯಂ ಚೌಕಟ್ಟಿನ ‘ರ‍್ಯಾಂಗ್ಲರ್’ ಅನ್ನು 249 ಡಾಲರಿಗೆ ಈ ಕಣಕ್ಕಿಳಿಸಿತು. ದೋಷ ಸತುವಿನದಾಗಿರಲಿಲ್ಲ, ಅದನ್ನು ಹಾಕಬಾರದ ಕಡೆ ಹಾಕಿದವರದು.

ಇಂಥದೊಂದು ಮೇಜು ನಮ್ಮ ದೇಶದಲ್ಲಿ ಸಿಕ್ಕದು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು ‘ನಿರ್ಭೀಕ್’ ಎಂಬ .32 ರಿವಾಲ್ವರ್ ತಂದಾಗ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಆಗ ಅಮೆರಿಕದಲ್ಲಿ ಚಾರ್ಟರ್ ಆರ್ಮ್ಸ್‌ನ ಚಿಕ್ಕ ರಿವಾಲ್ವರು ಅದರ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆಗೆ ಸಿಗುತ್ತಿತ್ತು. ಪೈಪೋಟಿ ಇಲ್ಲದ ಕಡೆ ಅಗ್ಗದ್ದು ಕೆಡುವ, ಸುಧಾರಿಸುವ ಮಾತೇ ಏಳುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ನರ್ಸಿನ ಸಮವಸ್ತ್ರದ ಹೆಂಗಸೊಬ್ಬಳು ಮೇಜಿನ ಮುಂದೆ ನಿಲ್ಲುತ್ತಾಳೆ. ಎಂ200 ಅನ್ನು ಕೈಗೆತ್ತಿಕೊಂಡು, “ಇದೇಕೆ ಇಷ್ಟು ಕಮ್ಮಿ?” ಎಂದು ಕೇಳುತ್ತಾಳೆ. ಮುದುಕ ತನ್ನ ಮಾಮೂಲಿ ಪ್ರಶ್ನೆಯನ್ನೇ ಅವಳಿಗೆ ಹಾಕಿ, ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ, ಖಾಲಿಯಿರುವುದನ್ನು ತಾನೂ ನೋಡಿ ಅವಳಿಗೂ ತೋರಿಸುತ್ತಾನೆ. ಫೀಲರ್ ಗೇಜಿನ ಹಾಳೆಯನ್ನು ಸಿಲಿಂಡರಿಗೂ ನಳಿಗೆಗೂ ನಡುವೆ ತೂರಿಸುತ್ತಾನೆ. “ಆರು ಥೌ, ಅಂದರೆ ಇಂಚಿನ ಸಾವಿರದಲ್ಲಿ ಆರು ಪಾಲು. ಸರಿಯಾಗಿದೆ.” ಆರೂ ಚೇಂಬರುಗಳನ್ನು ಒಂದೊಂದಾಗಿ ತಿರುಗಿಸಿ, ಪ್ರತಿಯೊಂದೂ ಟಕ್ಕೆಂದು ಕೂತದ್ದನ್ನು ಅವಳ ಹೆಬ್ಬೆರಳಿನಿಂದಲೇ ಅಲ್ಲಾಡಿಸಿ ನೋಡಿಸುತ್ತಾನೆ. ಹೊರಮೈ ಒರಟು. ಟ್ರಿಗರ್ ಎಳೆಯುವಾಗ ನಡುವೆ ಮರಳು ಸಿಕ್ಕಂತೆ ಕರಕರ. ಹಿಡಿಯ ರಬ್ಬರಿನ ಅಂಚಿನಲ್ಲಿ ಅಚ್ಚಿನ ಗೆರೆ. 1870ರ ದಶಕದ ತಯಾರಕ ಇವನ್ನೆಲ್ಲ ನಿಕಲ್ ಬಳಿದು ಮರೆಸುತ್ತಿದ್ದ, ಇವರು ಮರೆಸಿಲ್ಲ. ಅವಳು ಬಂದೂಕು ಕೊಳ್ಳುವವರ ಫಾರಂ 4473 ತುಂಬಲು ಕೂರುತ್ತಾಳೆ; ಪೂರ್ವಾಪರ ತಪಾಸಣೆಯ ಉತ್ತರ ಬರುವವರೆಗೆ ಕಾಯಬೇಕು.

“ಹಾಗಾದರೆ ಇದರಲ್ಲಿ ದುಡ್ಡು ಎಲ್ಲಿ ಉಳಿಸಿದ್ದಾರೆ?” ಎಂದು ಅವಳೇ ಮತ್ತೆ ಕೇಳುತ್ತಾಳೆ.

“ಈಗ ನಾನು ಮಾಡಿದೆನಲ್ಲ, ಆ ಕೆಲಸದಲ್ಲಿ” ಎನ್ನುತ್ತಾನೆ ಮುದುಕ. 1984ರಲ್ಲಿ ಟಾರಸ್ ತನ್ನ ಬಂದೂಕುಗಳಿಗೆ ಜೀವಮಾನದ ರಿಪೇರಿ ಭರವಸೆ ಕೊಟ್ಟಿತು; ಅಗ್ಗದ ಸಾಲಿನಲ್ಲಿ ಅಂಥ ಭರವಸೆ ಈಗ ಮಾಮೂಲು. ಕೇಳಲು ಅದು ಔದಾರ್ಯ, ಲೆಕ್ಕದಲ್ಲಿ ಜಾಣತನ. ಕಾರ್ಖಾನೆಯಿಂದ ಹೊರಡುವ ಪ್ರತಿಯೊಂದನ್ನೂ ಒಬ್ಬ ಅನುಭವಿ ಕೂತು ತಿರುಗಿಸಿ, ಅಳೆದು, ಎಳೆದು ನೋಡುವುದಕ್ಕಿಂತ, ಕೆಟ್ಟು ಮರಳಿ ಬಂದ ಕೆಲವನ್ನು ಸರಿಮಾಡಿ ಕಳಿಸುವುದು ಅಗ್ಗ. ಲೋಹ ಈಗ ಮೋಸ ಮಾಡುವುದಿಲ್ಲ, ಅಳತೆಯೂ ಬಹುಪಾಲು ಮೋಸ ಮಾಡುವುದಿಲ್ಲ. ಕಡಿತವಾದದ್ದು ಕೊನೆಯ ಪರೀಕ್ಷಕನ ಸಂಬಳ. ಆ ಕುರ್ಚಿಯಲ್ಲಿ ಈಗ ಕೊಳ್ಳುವವರೇ ಕೂರಬೇಕು.